ತಣ್ಣೀರು

ಮಾರ್ಕೆಟ್ಟಿಗೆ ಗೂಡು ಬಾರದ ಎರಡು ದಿನ.
ಮಾಲೀಕ ಒಲೆ ಆರಿಸಿ, ಬೀಗ ಜಗ್ಗಿ ನೋಡಿ, ಹೋದ.
ಖುರ್ಷಿದಾ ಅಂದಳು: ಎಲ್ಲಾದರೂ ಹೋಗೋಣ,
ದರ್ಗಾ ಬೇಡ, ಗುಡಿ ಬೇಡ,
ನಾದಿನಿಯ ಮನೆ ಮೊದಲೇ ಬೇಡ.

ಹೊರಟೆವು ಶಿಡ್ಲಘಟ್ಟದಿಂದ, ಒಂದೇ ಆಟೋದಲ್ಲಿ ನಾಲ್ವರು:
ನಾನು, ಖುರ್ಷಿದಾ, ಗಂಗುಲಮ್ಮ,
ಜುಟ್ಟು ಬಿಡಿಸುವ ಪಿಳ್ಳಮ್ಮ.
ಕಾಲಡಿಯಲ್ಲಿ ಶಾಮಿಯಾನದಂಗಡಿಯ ಬಾಡಿಗೆ ಡೇರೆ,
ಅದರ ಮೇಲೆ ಯಾರದೋ ನಾಮಕರಣದ ಸಾರಿನ ಕಲೆ.

ಕೊಂಡಪ್ಪನ ಕೆರೆಯ ಅಂಗಳ. ನೀರು ಮುಕ್ಕಾಲು.
ಈ ಸೀಮೆಯಲ್ಲಿ ಊರಿಗೊಂದು ಕೆರೆ,
ಕೆಲವು ಊರಿಗೆ ಎರಡು.
ನಲವತ್ತು ವರ್ಷ ನಾನು ಅವನ್ನು ನೋಡಿದ್ದು
ಬಸ್ಸಿನ ಕಿಟಕಿಯಿಂದ,
ಅದೂ ಆ ಬದಿ ಸೀಟು ಸಿಕ್ಕ ದಿನ ಮಾತ್ರ.

ಗೂಟ ಇಳಿಯಲಿಲ್ಲ. ಮೇಲೆ ಜೇಡಿ, ಒಳಗೆ ಬಂಡೆ.
ಪಿಳ್ಳಮ್ಮ ಕಲ್ಲೆತ್ತಿ ಕುಟ್ಟಿದಳು,
ಗಂಗುಲಮ್ಮ ಹಗ್ಗವನ್ನು ಜಾಲಿಗೆ ಬಿಗಿದಳು,
ಗಾಳಿ ಬಂತು, ಡೇರೆ ಮಲಗಿತು,
ನಗುತ್ತ ನಗುತ್ತ ನಾವೂ.
ಕೊನೆಗೂ ನಿಂತದ್ದು ಸೊಟ್ಟಗೆ,
ಕುಡಿದು ಬಂದ ಭಾವ ಬಾಗಿಲಲ್ಲಿ ನಿಂತ ಹಾಗೆ.

ಒಳಗೆ ತೂರಿ ಖುರ್ಷಿದಾ ಅಂದಳು:
ಇದೂ ಗೂಡೇ ಕಣೇ. ಯಾರೂ ಬೇಯಿಸದಿದ್ದರೆ ಸಾಕು.
ಒಂದಷ್ಟು ಹೊತ್ತು ಯಾರೂ ಮಾತಾಡಲಿಲ್ಲ.
ಆಮೇಲೆ ಪಿಳ್ಳಮ್ಮನಿಗೆ ಹಸಿವಾಯಿತು.
ಬುತ್ತಿ ಬಿಚ್ಚಿದೆವು: ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ,
ಒಂದು ಡಬ್ಬಿ ಖೀಮಾ, ಗಂಗುಲಮ್ಮ ಶನಿವಾರ ಅಂದು
ಅರ್ಧ ಗಂಟೆ ಮಾತ್ರ ಬಿಟ್ಟಿದ್ದಳು.

ಹತ್ತರ ಸುಮಾರಿಗೆ ಏರಿಯ ಮೇಲೊಂದು ಟಾರ್ಚು.
"ಎವುರಮ್ಮಾ ಅದಿ?"
ಮೀನಿನ ಟೆಂಡರಿನ ಕಾವಲು, ಚೌಡರೆಡ್ಡಿ, ಕಿವಿ ತುಂಬ ಮಫ್ಲರು.
ಕಳ್ಳರಲ್ಲ ಎಂದು ನಾವು ಹೇಳುವ ಮೊದಲೇ
ಅವನ ಮೂಗು ಹೇಳಿತ್ತು:
"ಫಿಲೇಚರಿನವರಾ?"

ಹುಳದ ವಾಸನೆ. ಮೂರು ಸೋಪು ಸವೆಸಿದರೂ ಬಿಡದ್ದು,
ಮದುವೆ ಮನೆಯಲ್ಲಿ ಪಕ್ಕದ ಕುರ್ಚಿ ಖಾಲಿ ಮಾಡಿಸುವಂಥದ್ದು.
ಪಿಳ್ಳಮ್ಮ ಸೆರಗನ್ನು ಬಾಯಿಗೊತ್ತಿದಳು.
ಅವನೋ, ಟಾರ್ಚು ಕೆಳಗಿಳಿಸಿ:
"ಈ ಕೆರೆಯ ಮೀನಿಗೆ ಅದೇ ಅಲ್ಲವಾ ಊಟ.
ನಿಮ್ಮ ಹುಳ ತಿಂದೇ ಒಂದೊಂದೂ ಮೂರು ಕೆಜಿ.
ಬನ್ನಿ, ಹರಿಗೋಲಿದೆ."

ಕೂತೆವು. ಅದು ಚರಕದಂತೆ ಸುತ್ತಿತು, ಎಳೆ ಇಲ್ಲದೆ.
ಗಂಗುಲಮ್ಮ ಎಲ್ಲ ದೇವರನ್ನೂ ಕರೆದಳು,
ಖುರ್ಷಿದಾಳ ದೇವರನ್ನೂ ಬಿಡಲಿಲ್ಲ.
ನಡುನೀರಲ್ಲಿ ಹುಟ್ಟು ನಿಲ್ಲಿಸಿ ಅವನು ಬೀಡಿ ಹಚ್ಚಿದ.

ಹದಿನೆಂಟನೇ ವಯಸ್ಸಿನಿಂದ
ಕುದಿನೀರಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಬಿಳಿಚಿಕೊಂಡ ಬೆರಳು,
ಗೆರೆ ಅಳಿದ ಬೆರಳು,
ರೇಷನ್ ಅಂಗಡಿಯ ಯಂತ್ರ
ತಿಂಗಳು ತಿಂಗಳೂ ಒಲ್ಲೆ ಅನ್ನುವ ಬೆರಳು.
ಅಂಚಿನಾಚೆ ಇಳಿಬಿಟ್ಟೆವು.

ತಣ್ಣಗೆ.
ನೀರಿಗೆ ಹೀಗೂ ಇರಲು ಬರುತ್ತದಾ?

ಏನೋ ಒಂದು ಪಿಳ್ಳಮ್ಮನ ಕೈ ಸವರಿ ಹೋಯಿತು.
ಮೀನು, ಅಂದ ರೆಡ್ಡಿ.
ಗುರುತು ಹಿಡಿಯಿತು, ಅಂದಳು ಪಿಳ್ಳಮ್ಮ,
ಕೈ ಮಾತ್ರ ತೆಗೆಯಲಿಲ್ಲ.

ಬೆಳಗಿನ ಜಾವ, ಪಡುವಣ ದಿಕ್ಕಿನಲ್ಲಿ,
ನಂದಿಬೆಟ್ಟಕ್ಕೆ ದೀಪದ ಸಾಲು ಹತ್ತತೊಡಗಿತು.
ಕಾರುಗಳು, ಸೂರ್ಯನನ್ನು ನೋಡಲು.
ನಾವು ಡೇರೆಯ ಬಾಯಲ್ಲಿ ಒಂದೇ ಕಂಬಳಿಗೆ ಕಿತ್ತಾಡುತ್ತ ಕೂತೆವು.
ಅವನು ಬಂದ. ನಮ್ಮ ಬೆನ್ನ ಹಿಂದೆ.
ತಿರುಗಿ ನೋಡಲು ಯಾರಿಗೂ ಮನಸ್ಸಾಗಲಿಲ್ಲ:
ಬೆಟ್ಟದ ನೆತ್ತಿ ಕೆಂಪಾಗಿ,
ಆ ಕೆಂಪು ಇಳಿದಿಳಿದು ನೀರಿಗೂ ಬಂದು,
ಒಂದು ನೀರುಕಾಗೆ ಅದರೊಳಗೆ ಮುಳುಗಿತು.
ಎಲ್ಲಿ ಏಳುತ್ತದೆಂದು ಪಂದ್ಯ ಕಟ್ಟಿದೆವು.
ನಾಲ್ವರೂ ಸೋತೆವು.

ಡೇರೆ ವಾಪಸು ಕೊಟ್ಟಾಗ ಕಲೆ ಎರಡಾಗಿತ್ತು,
ಒಂದು ಅವರ ಸಾರಿನದು, ಒಂದು ನಮ್ಮ ಹುಚ್ಚೆಳ್ಳಿನದು.
ಅಂಗಡಿಯವನು ಇಪ್ಪತ್ತು ರೂಪಾಯಿ ಹಿಡಿದುಕೊಂಡ.
ಯಾರೂ ಚೌಕಾಸಿ ಮಾಡಲಿಲ್ಲ.